ಬನಶಂಕರಿಯಿಂದ ಬೊಮ್ಮಸಂದ್ರಕ್ಕೆ: ಉಚಿತ ಬಸ್ ಬಿಟ್ಟು ಹಳದಿ ಮೆಟ್ರೊ ಹಿಡಿಯಬೇಕೇ?

ಪ್ರಶ್ನೆ: ಬನಶಂಕರಿಯ ಪ್ರಯಾಣಿಕೆ, 24 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಬನಶಂಕರಿ ಎರಡನೇ ಹಂತದವಳು. ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆರು ವರ್ಷಗಳಿಂದ ಬಸ್ಸಿನಲ್ಲೇ ಓಡಾಟ. ಬನಶಂಕರಿಯಲ್ಲಿ ವರ್ತುಲ ರಸ್ತೆಯ ಬಸ್ ಹತ್ತಿ ಸಿಲ್ಕ್ ಬೋರ್ಡ್‌ನಲ್ಲಿ ಇಳಿಯುವುದು, ಅಲ್ಲಿಂದ ಚಂದಾಪುರ, ಅತ್ತಿಬೆಲೆ ಕಡೆಯ ಬಸ್ ಹಿಡಿಯುವುದು. ಬೆಳಗ್ಗೆ 7ಕ್ಕೆ ಮನೆ ಬಿಟ್ಟರೆ 8.50ಕ್ಕೆ ಕಾರ್ಖಾನೆಯ ಗೇಟು. 9ಕ್ಕೆ ಹಾಜರಿ ಯಂತ್ರಕ್ಕೆ ಬೆರಳು ಒತ್ತಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ಕೈಕೊಟ್ಟ ದಿನ ಅರ್ಧ ದಿನದ ಸಂಬಳಕ್ಕೆ ಕತ್ತರಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನನ್ನ ಓಡಾಟದ ಖರ್ಚು ಸೊನ್ನೆಯಾಯಿತು. ಉಳಿದ ಹಣದಲ್ಲೇ ಮಗಳನ್ನು ಗಣಿತದ ಮನೆಪಾಠಕ್ಕೆ ಸೇರಿಸಿದೆ. ಅದನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ.

ಈ ತಿಂಗಳ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊದ ಹಳದಿ ಮಾರ್ಗ ಉದ್ಘಾಟನೆಯಾಗಿ ಮರುದಿನದಿಂದ ಓಡುತ್ತಿದೆ. ಎರಡು ದಿನ ಹೋಗಿ ನೋಡಿದೆ. ಮೊದಲ ದಿನ ಬನಶಂಕರಿಯಲ್ಲಿ ಹಸಿರು ಮಾರ್ಗದ ರೈಲು ಹತ್ತಿ ಮುಂದಿನ ನಿಲ್ದಾಣವಾದ ಆರ್.ವಿ. ರಸ್ತೆಯಲ್ಲಿ ಇಳಿದು, ಮೆಟ್ಟಿಲು ಹತ್ತಿ ಓಡಿದರೂ ನನ್ನ ಕಣ್ಣೆದುರಿಗೇ ಹಳದಿ ರೈಲಿನ ಬಾಗಿಲು ಮುಚ್ಚಿಕೊಂಡಿತು. ಮುಂದಿನದು 25 ನಿಮಿಷದ ಮೇಲೆ. ಎರಡನೇ ದಿನ ನಿಲ್ದಾಣಕ್ಕೆ ಹೋದ ತಕ್ಷಣ ರೈಲು ಸಿಕ್ಕಿತು, ಕಾರ್ಖಾನೆಗೆ ಒಂದು ಗಂಟೆ ಹತ್ತು ನಿಮಿಷದಲ್ಲಿ ತಲುಪಿದೆ. ಬಸ್ಸಿಗಿಂತ 40 ನಿಮಿಷ ಮೊದಲು!

ದಿನಾ ಎರಡೂ ಹೊತ್ತು ಮೆಟ್ರೊ ಎಂದರೆ ತಿಂಗಳಿಗೆ ಮೂರು ಸಾವಿರದ ಆಸುಪಾಸು. ಕೆಲಸಕ್ಕೆ ಹೋಗುವ 26 ದಿನವೂ ಹೋಗುವಾಗ 40, ಬರುವಾಗ 40 ನಿಮಿಷ ಉಳಿಯುತ್ತದೆ ಎಂದುಕೊಂಡರೆ ತಿಂಗಳಿಗೆ ಸುಮಾರು 35 ಗಂಟೆ. ಗಂಟೆಗೆ 86 ರೂಪಾಯಿ ಕೊಟ್ಟು ಕೊಂಡಂತೆ. ಹಾಳೆಯ ಮೇಲೆ ಬರೆದು ನೋಡಿದರೂ ತೀರ್ಮಾನ ಆಗುತ್ತಿಲ್ಲ. ಈ ದಾರಿಯಲ್ಲಿ ಓಡಾಡುವವರು ಏನು ಮಾಡುತ್ತಿದ್ದೀರಿ? ನನ್ನಂಥವರೆಲ್ಲ ಮೆಟ್ರೊಗೆ ಹೋದರೆ ಹೊಸೂರು ರಸ್ತೆಯ ಬಸ್ಸುಗಳು ಕಡಿಮೆಯಾಗಿಬಿಡುತ್ತವೆಯೇ ಎಂಬ ಭಯವೂ ಇದೆ.

ಉತ್ತರ 1: ನಿವೃತ್ತ ನಿರ್ವಾಹಕ, 25 ಆಗಸ್ಟ್ 2025

ಅಮ್ಮಾ, ನಮಸ್ಕಾರ. ನಗರದ ಬಸ್ ಸಂಸ್ಥೆಗೆ ಬಿಟಿಎಸ್ ಎಂಬ ಹೆಸರಿದ್ದ ಕಾಲದಲ್ಲಿ ನಾನು ಕೆಲಸಕ್ಕೆ ಸೇರಿದವನು. 1997ರ ಆಗಸ್ಟ್ 15ರಂದು ಅದು ಬಿಎಂಟಿಸಿ ಆಯಿತು. ನನ್ನ ಖಾಕಿ ಅಂಗಿ ಅದೇ, ಚರ್ಮದ ಚೀಲವೂ ಅದೇ. ಹೊಸೂರು ರಸ್ತೆಯಲ್ಲಿ ನಾನು ಕೊಟ್ಟಷ್ಟು ಟಿಕೆಟ್ ಬೇರೆಲ್ಲೂ ಕೊಟ್ಟಿಲ್ಲ. ನಿಮ್ಮ ಪ್ರಶ್ನೆ ಓದಿ ರಾತ್ರಿಯೆಲ್ಲ ಯೋಚಿಸಿದೆ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲ ಮಾತು. ನೀವು ಬರೆದಿರುವುದು ಪ್ರಯಾಣದ ಲೆಕ್ಕ. ಕಾಯುವುದರ ಲೆಕ್ಕವನ್ನು ಬೇರೆಯಾಗಿ ಬರೆಯಿರಿ. 25 ನಿಮಿಷಕ್ಕೊಂದು ರೈಲು ಎಂದರೆ, ಸಮಯ ನೋಡದೆ ಹೋದವರು ಒಂದು ದಿನ ಒಂದೇ ನಿಮಿಷ ಕಾಯುತ್ತಾರೆ, ಇನ್ನೊಂದು ದಿನ 24 ನಿಮಿಷ. ಸರಾಸರಿ ಹನ್ನೆರಡು ಹದಿಮೂರು. ಆದರೆ 9 ಗಂಟೆಗೆ ಬೆರಳು ಒತ್ತಬೇಕಾದವರಿಗೆ ಸರಾಸರಿಯಿಂದ ಪ್ರಯೋಜನವಿಲ್ಲ, ಅವರು 24 ನಿಮಿಷವನ್ನೇ ಹಿಡಿದು ಮನೆಯಿಂದ ಹೊರಡಬೇಕು. ಹೀಗಾಗಿ ಇವತ್ತಿನ ಮಟ್ಟಿಗೆ ನಿಮ್ಮ 40 ನಿಮಿಷದ ಲಾಭ ಪೂರ್ತಿ ನಿಮ್ಮದಲ್ಲ. ರೈಲುಗಳು ಹೆಚ್ಚಿದ ಹಾಗೆ ಅದು ನಿಮ್ಮ ಕೈಗೆ ಬರುತ್ತದೆ. ಈಗ ಒಂದು ಕೆಲಸ ಮಾಡಿ: ರೈಲು ಹೊರಡುವ ಸಮಯವನ್ನು ಒಂದು ವಾರ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಬಸ್ಸಿಗೆ ಈ ಮಾತು ಹೇಳುವ ಧೈರ್ಯ ನನಗಿಲ್ಲ, ರೈಲಿಗೆ ಹೇಳಬಹುದು. ಅದರ ದಾರಿಯಲ್ಲಿ ಸಿಗ್ನಲ್ಲಿನ ಕೆಂಪು ದೀಪಕ್ಕೆ ಸಿಕ್ಕಿಕೊಳ್ಳುವ ಲಾರಿ ಇರುವುದಿಲ್ಲ.

ಬಸ್ ಏಕೆ ಸಮಯಕ್ಕೆ ಬರುವುದಿಲ್ಲ ಎಂದು ಜನ ನನ್ನನ್ನು ಸೇವೆಯುದ್ದಕ್ಕೂ ಕೇಳಿದರು. 'ಬಿಟಿಎಸ್ ಎಂದರೆ ಬಿಟ್ಟರೆ ತಿರುಗಿ ಸಿಗುವುದಿಲ್ಲ' ಎಂಬ ಮಾತನ್ನು ಹಳಬರು ಕೇಳಿಯೇ ಇರುತ್ತೀರಿ. ಆ ಮಾತು ನನ್ನ ಮನಸ್ಸಿಗೆ ನೋವು ಕೊಡುತ್ತಿತ್ತು, ಏಕೆಂದರೆ ಬಸ್ಸಿನೊಳಗೆ ನಿಂತವನಿಗೆ ಕಾರಣ ಕಾಣಿಸುತ್ತದೆ. ಡಿಪೋದಿಂದ ಎರಡು ಬಸ್ ಹತ್ತು ನಿಮಿಷದ ಅಂತರದಲ್ಲಿ ಬಿಟ್ಟವು ಎನ್ನಿ. ಮೊದಲು ಹೊರಟ ನಮ್ಮ ಬಸ್ ಮಡಿವಾಳದಲ್ಲಿ ಮೂರು ನಿಮಿಷ ತಡವಾಯಿತು. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಹತ್ತು ಜನ ಹೆಚ್ಚು ಸೇರಿರುತ್ತಾರೆ. ಅವರು ಹತ್ತಬೇಕು, ನಾನು ಟಿಕೆಟ್ ಕೊಡಬೇಕು, ಸ್ಟೇಜ್, ಅಂದರೆ ದರ ಬದಲಾಗುವ ನಿಲ್ದಾಣ, ದಾಟುವುದರೊಳಗೆ ಲೆಕ್ಕ ಮುಗಿಯದಿದ್ದರೆ ಚಾಲಕನಿಗೆ ನಿಧಾನ ಎಂದು ಸೀಟಿ ಊದಬೇಕು. ಇನ್ನೆರಡು ನಿಮಿಷ ಹೋಯಿತು. ಅದರ ಮುಂದಿನ ನಿಲ್ದಾಣದಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗೆ ಜನ ಸಿಗುವುದೇ ಇಲ್ಲ, ಅದು ಹಗುರಾಗಿ ಓಡಿಬಂದು ನಮ್ಮ ಬೆನ್ನಿಗೆ ಹತ್ತುತ್ತದೆ. ಕೂಡ್ಲು ಗೇಟಿಗೆ ಬರುವ ಹೊತ್ತಿಗೆ ಎರಡೂ ಜೋಡಿ. ಅರ್ಧ ಗಂಟೆ ಕಾದವರಿಗೆ ಕಾಣುವುದು ಒಂದರ ಹಿಂದೆ ಒಂದು ಬಂದ ಎರಡು ಬಸ್, ಒಂದು ತುಂಬಿ ತುಳುಕುತ್ತಿರುವುದು, ಒಂದು ಖಾಲಿ. ಯಾರೂ ಸೋಮಾರಿಗಳಲ್ಲ ಅಮ್ಮಾ. ಒಮ್ಮೆ ತಪ್ಪಿದ ಅಂತರ ತಾನಾಗಿ ಸರಿಯಾಗುವುದಿಲ್ಲ, ದಾರಿಯುದ್ದಕ್ಕೂ ಬೆಳೆಯುತ್ತಲೇ ಹೋಗುತ್ತದೆ.

ಆಗಿನ ಟಿಕೆಟ್ ನೆನಪಿದೆಯೇ? ತೆಳ್ಳಗಿನ ಬಣ್ಣದ ಕಾಗದ, ಒಂದೊಂದು ದರಕ್ಕೆ ಒಂದೊಂದು ಕಟ್ಟು. ಎಡಗೈಯ ಬೆರಳುಗಳ ಸಂದಿಯಲ್ಲಿ ಮಡಚಿದ ನೋಟು, ಅಂಗೈಯಲ್ಲಿ ಟಿಕೆಟ್, ಬಲಗೈಯಲ್ಲಿ ಪಂಚ್. ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ಚಾಲಕ ಬ್ರೇಕ್ ಹಾಕಿದರೂ ಬೀಳುವುದಿಲ್ಲ. ಪ್ರತಿ ಸ್ಟೇಜಿನಲ್ಲೂ ವೇ ಬಿಲ್ ಎಂಬ ಲೆಕ್ಕದ ಹಾಳೆಯ ಮೇಲೆ ಟಿಕೆಟ್ಟಿನ ಕ್ರಮಸಂಖ್ಯೆ ಬರೆಯಬೇಕು. ಓಡುವ ಬಸ್ಸಿನಲ್ಲಿ ಬರೆದು ಬರೆದು ನನ್ನ ಅಕ್ಷರ ಇವತ್ತಿಗೂ ನಡುಗಿದ ಹಾಗೆಯೇ ಕಾಣುತ್ತದೆ. ಆಮೇಲೆ ಕೈಯಂತ್ರ ಬಂತು. ಒಂದು ಸ್ಟೇಜಿಗೆ ಎರಡು ನಿಮಿಷ ಉಳಿಯಿತು. ಹೊಳೆಯುವ ಹೊಸ ಬಸ್ಸುಗಳಿಗಿಂತ ಆ ಎರಡು ನಿಮಿಷದಿಂದ ಜನರಿಗೆ ಹೆಚ್ಚು ಉಪಕಾರವಾಯಿತು ಎಂದು ನಾನು ಇಂದಿಗೂ ನಂಬಿದ್ದೇನೆ.

ಬಸ್ ಕಡಿಮೆಯಾಗುತ್ತದೆಯೇ ಎಂಬ ನಿಮ್ಮ ಭಯದ ಬಗ್ಗೆ. 2006ರಲ್ಲಿ ವೋಲ್ವೊ ಬಂದಾಗ ಸಾಮಾನ್ಯ ಬಸ್ಸಿನ ಕಥೆ ಮುಗಿಯಿತು ಎಂದರು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಮೇಲ್ಸೇತುವೆ ಆದಾಗ ಕೆಳಗಿನ ಜನರನ್ನು ಕೇಳುವವರಿಲ್ಲ ಎಂದರು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದಾಗಲೂ ಅದೇ ಮಾತು. ಬಸ್ ಉಳಿದಿದೆ. ಆದರೆ ಭಯ ಸುಳ್ಳು ಎಂದೂ ಹೇಳಲಾರೆ. ಜನ ಕಾಣಿಸದ ಟ್ರಿಪ್ ಉಳಿಯುವುದು ಕಷ್ಟ. ಇಲ್ಲಿ ನಿಮ್ಮ ಕೈಯಲ್ಲಿ ಒಂದು ಕೆಲಸವಿದೆ. ಉಚಿತ ಪ್ರಯಾಣವಾದರೂ ಆ ಶೂನ್ಯ ದರದ ಟಿಕೆಟ್ಟನ್ನು ಪ್ರತಿ ಸಲವೂ ಕೇಳಿ ಪಡೆಯಿರಿ. ಎರಡೇ ನಿಲ್ದಾಣಕ್ಕೆ ಏಕೆ ಎಂದು ಬಿಡಬೇಡಿ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆ. ಈ ಹೊತ್ತಿನಲ್ಲಿ, ಈ ಬಸ್ಸಿನಲ್ಲಿ ಇಷ್ಟು ಹೆಣ್ಣುಮಕ್ಕಳು ಇದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ.

ಇನ್ನು ದಾರಿ. ನೀವು ಆರ್.ವಿ. ರಸ್ತೆಗೆ ಹೋಗಿ ಏಕೆ ಹತ್ತುತ್ತೀರಿ? ನಿಮ್ಮ ವರ್ತುಲ ರಸ್ತೆಯ ಬಸ್ಸಿನಲ್ಲೇ ಬಿಟಿಎಂ ಲೇಔಟ್ ವರೆಗೆ ಬನ್ನಿ. ಅಲ್ಲಿವರೆಗೆ ಬೆಳಗ್ಗೆ 7ರ ಹೊತ್ತಿಗೆ ರಸ್ತೆ ಅಷ್ಟು ಕೆಡುವುದಿಲ್ಲ. ಬಿಟಿಎಂನಿಂದ ಬೊಮ್ಮನಹಳ್ಳಿ ದಾಟುವ ತನಕದ ತುಂಡೇ ನಿಮ್ಮ ಸಮಯವನ್ನು ತಿನ್ನುವುದು. ಆ ತುಂಡನ್ನು ರೈಲಿನಲ್ಲಿ ದಾಟಿ. ಸಂಜೆ ಬೆರಳು ಒತ್ತುವ ಆತುರವಿಲ್ಲದ ದಿನ ಬಸ್ಸಿನಲ್ಲೇ ಬನ್ನಿ. ಹತ್ತುವ ಮೊದಲು ಮೇಲ್ಸೇತುವೆಯ ಮೇಲೆ ಹೋಗುತ್ತದೆಯೇ ಎಂದು ಕೇಳಿಕೊಳ್ಳಿ. ಬೋರ್ಡಿನ ಸಂಖ್ಯೆ ನೋಡಿದರಷ್ಟೇ ಸಾಲದು.

ಉತ್ತರ 2: ಪೀಣ್ಯದಿಂದ ದಿನಾ ಓಡಾಡುವವನು, 25 ಆಗಸ್ಟ್ 2025

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವನು. ನಮ್ಮಂಥವರಿಗೆ ಹಳದಿ ಮಾರ್ಗ ವರ. ನಾನು ಇದಕ್ಕಾಗಿ ಕಾದದ್ದು ಕೆಲಸಕ್ಕೆ ಸೇರಿದ ದಿನದಿಂದ.

ಹಳದಿ ಮಾರ್ಗದಲ್ಲಿ ಈಗ ಓಡುತ್ತಿರುವ ರೈಲುಗಳು ಏಕೆ ಮೂರೇ ಎಂಬುದನ್ನು ಹೇಳಿಬಿಡುತ್ತೇನೆ. 19.15 ಕಿಲೋಮೀಟರ್ ಹಳಿ, 16 ನಿಲ್ದಾಣ ಎಲ್ಲವೂ ಸಿದ್ಧವಾಗಿದ್ದರೂ ಓಡಿಸಲು ಬೋಗಿಗಳಿರಲಿಲ್ಲ. ಈ ಮಾರ್ಗದ ರೈಲುಗಳು ಚಾಲಕನಿಲ್ಲದೆಯೂ ಓಡಬಲ್ಲ ಹೊಸ ಸಿಗ್ನಲ್ ವ್ಯವಸ್ಥೆಯವು, ಹಸಿರು ಅಥವಾ ನೇರಳೆ ಮಾರ್ಗದಿಂದ ನಾಲ್ಕು ರೈಲು ತಂದು ಇಲ್ಲಿ ಓಡಿಸಲು ಆಗುವುದಿಲ್ಲ. ಮೊದಲ ರೈಲು 2024ರ ಫೆಬ್ರುವರಿಯಲ್ಲಿ ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ರಸ್ತೆಯಲ್ಲಿ ಬಂತು. ಉಳಿದವು ಕೋಲ್ಕತ್ತ ಬಳಿಯ ಕಾರ್ಖಾನೆಯಲ್ಲಿ ಸಿದ್ಧವಾಗಿ ಒಂದೊಂದಾಗಿ ಬರುತ್ತಿವೆ. ಬಂದದ್ದನ್ನು ಇಲ್ಲಿ ಜೋಡಿಸಿ, ರಾತ್ರಿ ಹೊತ್ತು ಓಡಿಸಿ ಪರೀಕ್ಷಿಸಿದ ಮೇಲೆಯೇ ಜನರಿಗೆ. ಆದ್ದರಿಂದ ಅಂತರ ಖಂಡಿತ ಇಳಿಯುತ್ತದೆ.

ಅಕ್ಕಾ, ಟಿಕೆಟ್ಟಿನ ಸಾಲಿನಲ್ಲಿ ನಿಲ್ಲಬೇಡಿ. ಸ್ಮಾರ್ಟ್ ಕಾರ್ಡ್ ಮಾಡಿಸಿ, ಪ್ರತಿ ಪ್ರಯಾಣಕ್ಕೂ 5% ರಿಯಾಯಿತಿ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ 5%. ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತಲ್ಲ, ನನ್ನಂತೆ ದೂರ ಹೋಗುವವನಿಗೆ ಆ ರಿಯಾಯಿತಿಯೂ ದೊಡ್ಡದೇ. ಬೊಮ್ಮಸಂದ್ರದಿಂದ ಮರಳುವಾಗ ಆರ್.ವಿ. ರಸ್ತೆಯಲ್ಲಿ ಬದಲಿಸುವುದಾದರೆ, ಅಲ್ಲಿ ಮೆಟ್ಟಿಲು ಯಾವ ಬಾಗಿಲಿನ ಎದುರಿಗೆ ಬರುತ್ತದೆ ಎಂದು ಒಮ್ಮೆ ನೋಡಿಟ್ಟುಕೊಂಡು ಅದೇ ಬೋಗಿಗೆ ಹತ್ತಿ. ಗುಂಪಿನ ಹಿಂದೆ ಬಿದ್ದರೆ ಹಸಿರು ರೈಲು ತಪ್ಪುತ್ತದೆ.

ಉತ್ತರ 3: ಹೊಂಗಸಂದ್ರದ ಹೊಲಿಗೆಯವಳು, 27 ಆಗಸ್ಟ್ 2025

ಇಲ್ಲಿ ಎಲ್ಲರೂ ದೂರದ ಪ್ರಯಾಣದ ಮಾತನಾಡುತ್ತಿದ್ದೀರಿ. ನಾನು ಹೊಂಗಸಂದ್ರದಿಂದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವವಳು. ಮೆಟ್ರೊ ಲೆಕ್ಕದಲ್ಲಿ ಒಂದೇ ನಿಲ್ದಾಣ. ಆ ಒಂದು ನಿಲ್ದಾಣಕ್ಕೆ ಎಷ್ಟು ಮೆಟ್ಟಿಲು ಹತ್ತಬೇಕು, ಎಷ್ಟು ಇಳಿಯಬೇಕು, ಚೀಲ ತಪಾಸಣೆಗೆ ಎಷ್ಟು ಹೊತ್ತು ನಿಲ್ಲಬೇಕು ನೋಡಿ. ಅಷ್ಟರಲ್ಲಿ ಬಸ್ಸಿನಲ್ಲಿ ತಲುಪಿಯೇ ಬಿಡುತ್ತೇನೆ. ಕನಿಷ್ಠ ದರ 10 ರೂಪಾಯಿ ನಿಮಗೆ ಚಿಲ್ಲರೆ ಇರಬಹುದು. ಹೋಗಿಬರಲು 20, ತಿಂಗಳಿಗೆ 520. ನಮ್ಮ ಮನೆಯಲ್ಲಿ ಅಷ್ಟಕ್ಕೆ ಹಾಲು ಬರುತ್ತದೆ, ತಿಂಗಳಿಡೀ ಅಲ್ಲದಿದ್ದರೂ ಹತ್ತು ದಿನಕ್ಕಂತೂ ಸಾಕು.

ನಮ್ಮ ಸಾಲಿನ ಯಂತ್ರದಲ್ಲಿ ಕೂರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಮೊದಲು ನಡೆದೇ ಬರುತ್ತಿದ್ದರು. ಎಂಟು ಗಂಟೆ ಪೆಡಲ್ ತುಳಿದ ಕಾಲಿನಲ್ಲಿ ಮತ್ತೆ ಎರಡೂವರೆ ಕಿಲೋಮೀಟರ್ ನಡೆದು ಮನೆಗೆ ಹೋಗಿ ಅಡುಗೆ ಮಾಡುತ್ತಿದ್ದರು. ಉಚಿತ ಬಸ್ ಬಂದ ಮೇಲೆ ಆ ನಡಿಗೆ ನಿಂತಿತು. ನನ್ನ ಪಕ್ಕದ ಯಂತ್ರದ ಅಕ್ಕ ಈಗ ಸಂಜೆ ಮನೆಗೆ ಹೋಗಿ ಅರ್ಧ ಗಂಟೆ ಮಲಗುತ್ತಾಳೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಅದಕ್ಕೇ ನನ್ನ ವಿನಂತಿ. ಮೆಟ್ರೊ ಬರಲಿ, ಇನ್ನೂ ನೂರು ರೈಲು ಬರಲಿ. ಆದರೆ ಹೊಸೂರು ರಸ್ತೆಯ ಕೆಳಗೆ, ನಿಲ್ದಾಣ ನಿಲ್ದಾಣಕ್ಕೂ ನಿಲ್ಲುವ ಬಸ್ ಕಡಿಮೆಯಾಗಬಾರದು. ಯಜಮಾನರೇ, ಟಿಕೆಟ್ ಕೇಳಿ ಪಡೆಯಿರಿ ಎಂದಿರಲ್ಲ, ಅದು ನನಗೆ ಗೊತ್ತಿರಲಿಲ್ಲ. ರಶ್ಶಿನಲ್ಲಿ ಕಂಡಕ್ಟರಿಗೆ ತೊಂದರೆ ಏಕೆ ಎಂದು ಎಷ್ಟೋ ಸಲ ಬಿಟ್ಟಿದ್ದೇನೆ. ನಾಳೆ ನಮ್ಮ ಸಾಲಿನವರಿಗೆಲ್ಲ ಹೇಳುತ್ತೇನೆ.

ಉತ್ತರ 4: ನಿವೃತ್ತ ನಿರ್ವಾಹಕ, 27 ಆಗಸ್ಟ್ 2025

ತಾಯಿ, ನೀವು ಹೇಳಿದ್ದನ್ನು ನಾನೇ ಮೊದಲು ಹೇಳಬೇಕಿತ್ತು. ಹೊಂಗಸಂದ್ರ, ಗಾರ್ವೆಭಾವಿಪಾಳ್ಯದಲ್ಲಿ ಬೆಳಗ್ಗೆ ಎಂಟರ ಒಳಗೆ ಹತ್ತುತ್ತಿದ್ದ ಹೆಣ್ಣುಮಕ್ಕಳು ನನಗೆ ಚೆನ್ನಾಗಿ ನೆನಪಿದ್ದಾರೆ. ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಫುಟ್‌ಬೋರ್ಡಿನ ಮೇಲೆ ಒಂದು ಕಾಲು ಇಟ್ಟು ನಿಲ್ಲುತ್ತಿದ್ದರು. ಸರಿಯಾದ ಚಿಲ್ಲರೆಯನ್ನು ಮೊದಲೇ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು, ನಾಣ್ಯ ಬೆವರಿ ಬಿಸಿಯಾಗಿರುತ್ತಿತ್ತು. ಕೆಲವರು ಒಂದು ಸ್ಟೇಜ್ ಹಿಂದೆಯೇ ಇಳಿದು ಉಳಿದದ್ದನ್ನು ನಡೆಯುತ್ತಿದ್ದರು, ದರ ಒಂದು ರೂಪಾಯಿ ಕಡಿಮೆಯಾಗುತ್ತದೆ ಎಂದು. ಇಳಿಯಬೇಡಮ್ಮ ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

ನಿಮ್ಮದು ಬಸ್ಸಿನ ದಾರಿಯೇ. ದೂರದವರು ರೈಲಿಗೆ ಹೋದರೆ ಆ ಬಸ್ಸಿನಲ್ಲಿ ನಿಮಗೆ ನಿಲ್ಲಲು ಜಾಗ ಸಿಗುತ್ತದೆ. ಆದರೆ ಖಾಲಿಯಾಯಿತೆಂದು ಟ್ರಿಪ್ ಕಡಿಮೆ ಮಾಡಿದರೆ ಮತ್ತೆ ಅದೇ ಫುಟ್‌ಬೋರ್ಡು. ನಿಮ್ಮ ಸಾಲಿನವರೆಲ್ಲ ಕೂಡಿ, ಯಾವ ಹೊತ್ತಿನಲ್ಲಿ ಎಷ್ಟು ಜನ ಎಲ್ಲಿ ಹತ್ತುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಡಿಪೋ ವ್ಯವಸ್ಥಾಪಕರಿಗೆ ಕೊಡಿ. 'ಬಸ್ ಸಾಲದು' ಎಂದು ಬರೆದರೆ ಕಡತಕ್ಕೆ ಹೋಗುತ್ತದೆ. '7.40ಕ್ಕೆ ಹೊಂಗಸಂದ್ರದಲ್ಲಿ 60 ಜನ' ಎಂದು ಬರೆದರೆ ಶೆಡ್ಯೂಲ್ ಮಾಡುವವನ ಮೇಜಿಗೆ ಹೋಗುತ್ತದೆ. ನನಗೆ ಗೊತ್ತಿರುವ ದಾರಿ ಇದು.

ಮರುಮಾತು: ಬನಶಂಕರಿಯ ಪ್ರಯಾಣಿಕೆ, 9 ನವೆಂಬರ್ 2025

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆ ಇತ್ತು, ಇಲ್ಲಿಗೆ ಬರಲು ಆಗಲೇ ಇಲ್ಲ.

ಹಿರಿಯರು ಹೇಳಿದಂತೆಯೇ ಮಾಡಿದೆ. ಸೆಪ್ಟೆಂಬರ್ ಮೊದಲ ವಾರ ದಿನಾ ರೈಲಿನ ಸಮಯ ಬರೆದಿಟ್ಟೆ. ಎರಡನೇ ವಾರದಲ್ಲಿ ನಾಲ್ಕನೇ ರೈಲು ಬಂದು ಅಂತರ 19 ನಿಮಿಷವಾಯಿತು, ಚೀಟಿ ಹರಿದು ಮತ್ತೆ ಬರೆದೆ. ರಾಜ್ಯೋತ್ಸವದ ದಿನ ಐದನೆಯದು ಸೇರಿ 15 ನಿಮಿಷಕ್ಕೆ ಇಳಿದಿದೆ. ಈಗ ಚೀಟಿ ನೋಡುವುದನ್ನು ಬಿಟ್ಟಿದ್ದೇನೆ. ಬೆಳಗ್ಗೆ ವರ್ತುಲ ರಸ್ತೆಯ ಬಸ್ಸಿನಲ್ಲಿ ಬಿಟಿಎಂ, ಅಲ್ಲಿಂದ ರೈಲಿನಲ್ಲಿ ಬೊಮ್ಮಸಂದ್ರ, ಅಲ್ಲಿಂದ ಕಾರ್ಖಾನೆಗೆ ಹದಿನೈದು ನಿಮಿಷದ ನಡಿಗೆ. ಮನೆಯಿಂದ 7ಕ್ಕೆ ಬದಲು 7.30ಕ್ಕೆ ಹೊರಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಮಗಳ ಜಡೆ ನಾನೇ ಹೆಣೆಯುತ್ತೇನೆ. ಮೊದಲು ಅತ್ತೆಯೇ ಹೆಣೆಯುತ್ತಿದ್ದರು, ಈಗ ಅವರ ಕಣ್ಣಿಗೆ ವಿಶ್ರಾಂತಿ ಬೇಕು.

ಅಕ್ಟೋಬರ್‌ನಲ್ಲಿ ಒಂದು ದಿನವೂ ಸಂಬಳ ಕತ್ತರಿಸಲಿಲ್ಲ. ಸಂಜೆ ವಾರದಲ್ಲಿ ನಾಲ್ಕು ದಿನ ಬಸ್, ಎರಡು ದಿನ ರೈಲು. ತಿಂಗಳ ಖರ್ಚು ನಾನು ಹೆದರಿದ್ದಕ್ಕಿಂತ ಎಷ್ಟೋ ಕಡಿಮೆ, ಮನೆಪಾಠ ನಿಂತಿಲ್ಲ. ಬಸ್ಸಿನಲ್ಲಿ ಪ್ರತಿ ಸಲವೂ ಟಿಕೆಟ್ ಕೇಳಿ ಪಡೆಯುತ್ತೇನೆ. ಎಲ್ಲವನ್ನೂ ಡಬ್ಬಿಯಲ್ಲಿ ಹಾಕಿಟ್ಟಿದ್ದೆ, ಮೊನ್ನೆ ಮಗಳು ಎಣಿಸಿ 83 ಎಂದಳು.

ಹೊಂಗಸಂದ್ರದ ಅಕ್ಕಾ, ನೀವು ಆ ಹಾಳೆ ಬರೆದು ಕೊಟ್ಟಿರಾ? ಇನ್ನೂ ಇಲ್ಲವಾದರೆ ತಿಳಿಸಿ, ಪಟ್ಟಿಯನ್ನು ನಾನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಡುತ್ತೇನೆ. ಸಮಯ ಮತ್ತು ಜನರ ಸಂಖ್ಯೆ ಬರೆದು ಕಳಿಸಿದರೆ ಸಾಕು.

ಉತ್ತರ 5: ಹೊಂಗಸಂದ್ರದ ಹೊಲಿಗೆಯವಳು, 10 ನವೆಂಬರ್ 2025

ಬರೆದಿದ್ದೇವೆ, ಇನ್ನೂ ಕೊಟ್ಟಿಲ್ಲ. 74 ಸಹಿ ಆಗಿದೆ. ಹಾಳೆ ಕೈಯಿಂದ ಕೈಗೆ ಹೋಗಿ ಯಂತ್ರದ ಎಣ್ಣೆ ಮೆತ್ತಿಕೊಂಡಿದೆ. ನೀವು ಟೈಪ್ ಮಾಡಿಕೊಟ್ಟರೆ ದೊಡ್ಡ ಉಪಕಾರ. 7.20ಕ್ಕೆ 31 ಜನ, 7.40ಕ್ಕೆ 43 ಜನ.